ಕಾವೇರಿಯ ಹಲಗಿ

ಸಪ್ತಾಪುರ, ಧಾರವಾಡ
೨೦ ಫೆಬ್ರುವರಿ ೨೦೨೫

ಪ್ರೀತಿಯ ನೂರಜಹಾನ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ; ಬೈಯಬೇಕೆನಿಸಿದರೆ ಬೈದುಬಿಡು. ಮನೆಯಲ್ಲಿ ಹಲಗಿಯದೇ ಗದ್ದಲವಿತ್ತು.

ನಿನಗೆ ಗೊತ್ತಿದ್ದದ್ದೇ. ಊರ ಗೌಡರ ಮನೆಯ ಸಾವಿಗೂ ಮದುವೆಗೂ ಹಲಗಿ ಬಾರಿಸಿ, ಉಳಿದ ಅನ್ನಕ್ಕೆ ಕೈಯೊಡ್ಡುವುದನ್ನು ನಮ್ಮ ಜನರಿಂದ ಬಿಡಿಸಲು ನಮ್ಮ ಯಜಮಾನರು ಹನುಮೇಶ ಹರೆಯದಲ್ಲಿ ಕೇರಿಕೇರಿ ತಿರುಗಿದವರು. ಮೊದಲು ಬಿಡಿಸಿದ್ದು ತಮ್ಮ ಅಪ್ಪನಿಂದಲೇ. ಆಮೇಲೆ ಆ ಹಾಡು, ಕುಣಿತ ಎಲ್ಲ ಅಳಿದುಹೋಗುತ್ತವೆಂಬ ಚಿಂತೆ ಹಿಡಿದದ್ದೂ ಇವರನ್ನೇ. ಈಗ ಕಾಲೇಜು ಹುಡುಗಿಯರ ಮೇಳ ಕಟ್ಟಿದ್ದಾರೆ. ಯಾವ ಯಾವ ಮನೆತನದ ಹುಡುಗಿಯರೋ ಹೆಗಲಿಗೆ ಹಲಗಿ ಹಾಕಿಕೊಂಡು ಕುಣಿಯುತ್ತಾರೆ.

ನಮ್ಮ ಕಾವೇರಿ ಮಾತ್ರ ಸೇರಕೂಡದು. ಅವಳು ಊಟದ ತಾಟಿನ ಮೇಲೆ ಬೆರಳಾಡಿಸಿದರೂ ಇವರು ಎದ್ದು ಹೋಗುತ್ತಿದ್ದರು. ಯಾಕೆಂದು ಕೇಳಿದೆ.

“ಅವರು ಬಾರಿಸಿದ್ರ ಕಲಾ ಅಂತಾರ, ನೀಲಾ. ನನ್ನ ಮಗಳು ಬಾರಿಸಿದ್ರ ಜಾತಿ ಅಂತಾರ.”

ಅಪ್ಪ ಮಗಳು ಮಾತು ಬಿಟ್ಟರು. ಕೊನೆಗೆ ಮಾವನವರೇ ಮಗನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ನೀ ಬಿಡು ಅಂದಿ, ಬಿಟ್ಟೆ. ನಾ ಬಿಟ್ಟದ್ದು ಗೌಡರ ಅಂಗಳಾನೋ ಹನುಮ್ಯಾ, ಹಲಗೀನಲ್ಲ.”

ಮರುದಿನ ಇವರೇ ಹಲಗಿಯನ್ನು ಬೆಂಕಿಗೆ ಹಿಡಿದು, ತೊಗಲು ಬಿಗಿ ಮಾಡಿ, ಮಗಳ ಕೈಗೆ ಕೊಟ್ಟರು.

ಈ ತಿಂಗಳ ಮೊದಲ ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅವಳ ಮೊದಲ ಕುಣಿತ. ಮಾವನವರು ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುತ್ತಿದ್ದರು. ಇವರು ನಿಂತೇ ನೋಡಿದರು. ಮನೆಗೆ ಬರುವ ದಾರಿಯುದ್ದಕ್ಕೂ ಗುನುಗುತ್ತಿದ್ದರು. ಊರಿಗೆಲ್ಲ ಹಾಡು ಕಲಿಸುವ ಮನುಷ್ಯ ತನಗಾಗಿ ಹಾಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರಮಜಾನಿನ ಉಪವಾಸ ಹಿಡಿಯುವ ಮೊದಲು ಆ ಮೊಣಕಾಲು ಡಾಕ್ಟರಿಗೆ ತೋರಿಸು. ನಿನ್ನ ಮಕ್ಕಳು ತಣ್ಣಗಿರಲಿ, ಅವರ ಕೈ ಹಿಡಿದ ಕೆಲಸ ಹೂವಾಗಲಿ.

ನಿನ್ನ
ನೀಲಾ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಕುಣಿತ ಮುಗಿದ ಮೇಲೆ ಅತಿಥಿಯೊಬ್ಬರು ಕಾವೇರಿಯ ತಲೆ ಸವರಿ, “ಉಳಿದವ್ರು ಕಲತು ಬಾರಿಸ್ತಾರ. ನಿಂದು ಹುಟ್ಟಿನಿಂದ ಬಂದದ್ದು ಬಿಡವಾ” ಎಂದರಂತೆ. ಹೊಗಳಿದ್ದೇ. ಅಂದಿನಿಂದ ಅವಳು ಹಲಗಿ ಮುಟ್ಟಿಲ್ಲ; ಪರೀಕ್ಷೆಯ ನೆಪ ಹೇಳುತ್ತಾಳೆ. ಅಷ್ಟು ಹಟ ಮಾಡಿ ಇಷ್ಟು ಬೇಗ ಬೇಸರವಾಯಿತೇ ಎಂದು ಇವರು ದಿನವೂ ಬೈಯುತ್ತಾರೆ. ಅವಳು ಬೈಸಿಕೊಂಡು ಸುಮ್ಮನಿರುತ್ತಾಳೆ. ನನಗೊಬ್ಬಳಿಗೇ ಹೇಳಿದಳು: “ಅಪ್ಪಗ ಹೇಳಬ್ಯಾಡವಾ. ತಾ ಅಂದದ್ದ ಖರೇ ಆತು ಅಂತ ತಿಳದ್ರ, ಮೇಳಾನ ಬಿಟ್ಟುಬಿಡ್ತಾನ.”