ದೊಡ್ಡ ವೀಲಿನ ಶೋಕಿ

೧೨ ಆಗಸ್ಟ್ ೨೦೨೫, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕಾರು ದಿನಾ ಓಡಿಸುವವಳು ನಾನು. ಇವತ್ತು ಸವೆದ ಟೈರ್ ಬದಲಾಯಿಸಲು ಹೋದರೆ, ಅಂಗಡಿಯವನು ಮಾತಾಡಿದ್ದೆಲ್ಲ ನನ್ನ ಗಂಡ ಮನೋಹರ್ ಜೊತೆ. ಇಬ್ಬರೂ ಸೇರಿ ದೊಡ್ಡ ಅಲಾಯ್ ವೀಲ್, ಅದಕ್ಕೆ ತೆಳ್ಳನೆಯ ಟೈರ್ ಆರಿಸಿದರು.

"ನಮ್ಮ ಮಧುರೆ ರಸ್ತೆ ಗುಂಡಿಗೆ ಇದು ತಡೆಯುತ್ತಾ? ಸೊಂಟದ ಆಪರೇಷನ್ ಆಗಿರೋ ಅತ್ತೇನ ಇದರಲ್ಲೇ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು," ಎಂದೆ.

"ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು," ಎಂದರು ಇವರು, ಅಂಗಡಿಯವನ ಮುಂದೆ ನಗುತ್ತಾ.

ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನಾಳೆಯಿಂದ ನಿಮ್ಮಮ್ಮನ್ನ ನೀವೇ ಕರ್ಕೊಂಡೋಗಿ," ಎಂದು ಕೀ ಅವರ ಕೈಗಿಟ್ಟೆ. ಆಗ ಹಳೇ ವೀಲ್‌ಗೇ ದಪ್ಪ ಟೈರ್ ಹಾಕಿಸಿದರು.

ಮನೆಗೆ ಬಂದವರೇ ಅಮ್ಮನ ಹತ್ತಿರ ದೂರು ಹೇಳಿದರು. "ಓಡ್ಸೋಳು ಅವಳು ಕಣೋ, ಅವಳ್ನ ಕೇಳ್ಬೇಕಾಗಿತ್ತು," ಎಂದರು ಅತ್ತೆ.

ಇವರು ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡು ಕೂತರು. ಒಂದೇ ಒಂದು ಸಲ 'ತಪ್ಪಾಯ್ತು' ಅಂದಿದ್ದರೆ…