ನಮ್ಮ ಹೊಸ್ತಿಲಿಗೆ ಬಾಗಿದ ನಾರಾಯಣ

ಶಿರ್‌ಧಾರ್, ಕುಲ್ಲು
ಫಾಲ್ಗುಣ ಸಂಕ್ರಾಂತಿ ಕಳೆದ ವಾರ

ರೀತಾಳ ಅಪ್ಪನಿಗೆ ನಮಸ್ಕಾರ,

ಲೇಹ್‌ನ ಚಳಿಗೆ ನಿಮ್ಮ ಮೊಣಕಾಲು ನೋವು ಹೇಗಿದೆ? ನಾನು ಹೆಣೆದ ಕಾಲುಚೀಲ ಹಾಕಿಕೊಳ್ಳುತ್ತೀರೋ, ಯಾರಿಗಾದರೂ ಕೊಟ್ಟುಬಿಟ್ಟಿರೋ? ಲಾರಿಯಲ್ಲೇ ಮಲಗಬೇಡಿ. ನಾವು ಚೆನ್ನಾಗಿದ್ದೇವೆ.

ಇನ್ನು ಇಲ್ಲಿನ ತಲೆನೋವು ಕೇಳಿ. ಮಾಘದಲ್ಲಿ ಸ್ವರ್ಗಕ್ಕೆ ಹೋದ ನಮ್ಮೂರ ದೇವರು ನಾರಾಯಣ ಸಂಕ್ರಾಂತಿಗೆ ಇಳಿದು ಬಂದ. ಗುಡಿಯ ಬಾಗಿಲು ತೆಗೆದು ಕಹಳೆ ಊದಿದರು. ಆದರೆ ದೇವರು ಮಾತಾಡುವುದು ಯಾರ ಬಾಯಲ್ಲಿ? ಮಾವ ತೀರಿಕೊಂಡ ಮೇಲೆ, ದೇವರು ಮೈಮೇಲೆ ಬರುವ ಗೂರನ ಜಾಗ ಹಾಗೇ ಖಾಲಿ. ನಾರಾಯಣ ಹಿಮ ದಾಟಿ ಈ ಕಣಿವೆಗೆ ಬಂದದ್ದು, ಹಳೇ ಗುಡಿ ಸುಟ್ಟಾಗ ದೇವದಾರು ಮರದಲ್ಲಿ ಕೂತದ್ದು, ಎಲ್ಲ ಗೂರನೇ ಮೈದುಂಬಿ ಹೇಳಬೇಕು. ಆಮೇಲೆ ವರ್ಷದ ಮಳೆಬೆಳೆ. ಈ ಸಲವೂ ಜನ ಸುಮ್ಮನೆ ಕೈಮುಗಿದು ಹೊರಡುವುದರಲ್ಲಿದ್ದರು. ಅಷ್ಟರಲ್ಲಿ ದೇವರ ಪಲ್ಲಕ್ಕಿ, ಹೊತ್ತವರನ್ನೇ ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂದು ಹೊಸ್ತಿಲಿಗೆ ಬಾಗಿತು.

ಗುಡಿಯ ಕಾರುಬಾರಿನ ಝಾಬೇ ಚಾಚಾ, "ಸೊಸೆ, ದೇವರು ಗೂರನ ಜಾಗಕ್ಕೆ ನಿನ್ನ ಗಂಡನ್ನ ಕೇಳ್ತಿದಾನೆ, ಕರೆಸು" ಎಂದರು. "ಅವರು ಮನೇಲಿಲ್ಲ ಅನ್ನೋದು ದೇವರಿಗೆ ಗೊತ್ತಿಲ್ವಾ, ಚಾಚಾ?" ಎಂದೆ. ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು.

ಅಂದಿನಿಂದ ಮನೆಗೆ ಬಂದವರದ್ದೆಲ್ಲ ಒಂದೇ ಪಾಠ. ಗೂರನಾದರೆ ನೀವು ಕೂದಲು ಬಿಡಬೇಕಂತೆ, ಚರ್ಮದ ಬೂಟು ಮುಟ್ಟಬಾರದಂತೆ, ನೇಗಿಲು ಹಿಡಿಯಬಾರದಂತೆ. ಹೊಲ ಯಾರು ಉಳಬೇಕೋ? ಇದು ಬೇಡವೆಂದೇ ಮಾವನ ಜೊತೆ ಜಗಳವಾಡಿ, ತಲೆಗೂದಲು ಕತ್ತರಿಸಿಕೊಂಡು ಹೋದವರು ನೀವು. ರೀತಾಗೆ ಜ್ವರ ಏರಿದಾಗ ನಾನು ಕರೆದರೆ ಬರಲಿಲ್ಲ. ದೇವರು ಕರೆದರೆ ಬಂದುಬಿಡುತ್ತೀರೇನೋ ಎಂದು ಸಿಟ್ಟು. ಹೇಗಾದರೂ ಬಂದರೆ ಸಾಕು ಎನ್ನುವ ಆಸೆಯೂ ಇದೆ, ಸುಳ್ಳೇಕೆ ಹೇಳಲಿ. ನಿಮ್ಮ ತಮ್ಮನೂ ಇದೇ ಮನೆಯ ಮಗನಲ್ಲವೇ ಎಂದು ಕೇಳಿದ್ದಕ್ಕೆ ಚಾಚಾ ನಕ್ಕರು. "ಲೋತೂಗೆ ತನ್ನ ಹೆಸರು ಹೇಳೋಕೇ ಅರ್ಧ ದಿನ ಬೇಕು. ದೇವರ ಕಥೆ ಹೇಳ್ತಾನಾ?" ಲೋತೂ ಅಲ್ಲೇ ನಿಂತಿದ್ದ. ಆವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ.

ರೀತಾ ನಿಮಗೆ ಮುತ್ತು ಕಳಿಸಿದ್ದಾಳೆ. ಘಾಟಿಯ ತಿರುವುಗಳಲ್ಲಿ ನಾರಾಯಣ ನಿಮ್ಮ ಲಾರಿಯ ಮುಂದೆಯೇ ಇರಲಿ.

ನಿಮ್ಮ
ಖಿಮಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಬೆಳಿಗ್ಗೆ ಹಾಲು ಕರೆಯಲು ಹೋದಾಗ ಕೊಟ್ಟಿಗೆಯಲ್ಲಿ ಮಾವನ ದನಿ ಕೇಳಿದಂತಾಯಿತು. ನೋಡಿದರೆ ಲೋತೂ. ಕಣ್ಣು ಮುಚ್ಚಿ, ಮೈ ನಡುಗುತ್ತ, ನಾರಾಯಣನ ಕಥೆಯನ್ನು ಮೊದಲಿಂದ ಕೊನೆತನಕ ಹೇಳಿದ. ಎಲ್ಲೂ ತೊದಲಲಿಲ್ಲ. ಪಲ್ಲಕ್ಕಿ ಬಾಗಿದಾಗ ಬಾಗಿಲ ಹಿಂದೆ ಇದ್ದವನು ಅವನೇ; ದೇವರು ಕೇಳಿದ್ದೂ ಅವನನ್ನೇ ಇರಬೇಕು. ನೀವು ಬರುತ್ತೀರೆಂಬ ಆಸೆ ಇರುವತನಕ ಚಾಚಾ ಅವನತ್ತ ತಿರುಗಿಯೂ ನೋಡುವುದಿಲ್ಲ. ಬರುವುದಿಲ್ಲವೆಂದು ಅವರಿಗೆ ಬರೆದುಬಿಡಿ. ನೀವು ಬರಲಿ ಎಂದು ಆಸೆಪಟ್ಟ ನಾನೇ ಇದನ್ನು ಹೇಳುತ್ತಿದ್ದೇನೆ.