ಎರಡನೇ ಮಗ್ಗುಲು

ಸೋಮವಾರ, ಹದಿನಾಲ್ಕನೇ ತಾರೀಖು
ಹೊಲಿಗೆ ಅಂಗಡಿಯಿಂದ

ಅಕ್ಕನಿಗೆ, ನಿನ್ನ ತಂಗಿ ಬಾಲ ಮಾಡುವ ನಮಸ್ಕಾರ.

ಈ ಏಳು ವರ್ಷ ನಿನಗೆ ಬರೆದ ಕಾಗದಗಳಲ್ಲೆಲ್ಲ ಅಪ್ಪನ ಕೆಮ್ಮು, ಗಿರಾಕಿಗಳ ಸುದ್ದಿ, ಯಂತ್ರದ ರಿಪೇರಿ ಇಷ್ಟೇ ಇತ್ತು. ಹೇಳಬೇಕಾದ ಒಂದು ಮಾತನ್ನು ಪ್ರತಿಸಲವೂ ಬಿಟ್ಟೆ. ಇವತ್ತು ಬಿಡುವುದಿಲ್ಲ. ಮೊದಲು ಮೊನ್ನೆಯ ವಿಷಯ.

ಹಳೇ ಸಾಮಾನಿನ ಅಂಗಡಿಯಲ್ಲಿ ನಮ್ಮ ಆ ಗ್ರಾಮಫೋನ್ ರೆಕಾರ್ಡಿನದೇ ಇನ್ನೊಂದು ಪ್ರತಿ ಸಿಕ್ಕಿತು. ಅದೇ ಹೊದಿಕೆ, ಗಿಟಾರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡ ಅದೇ ಮುದುಕ. "ಬ್ಲೂಸ್ ಅಂತ, ಅಮೆರಿಕದ ಕಡೆಯ ದುಃಖದ ಹಾಡು. ಜನರ ಮುಂದೆ ಹಾಡ್ತಿದ್ದಾಗ್ಲೇ ಹಿಡಿದಿದ್ದು, ಕೆಮ್ಮು ಸೀನು ಎಲ್ಲಾ ಇದೆ, ಪರವಾಗಿಲ್ವಾ?" ಎಂದು ಅಂಗಡಿಯವನು ಕೇಳಿದ. ಅದಕ್ಕೇ ಬೇಕು ಎಂದೆ.

ನೆನಪಿದೆಯಾ, ಕೋಟು ಹೊಲಿಯಲು ಕೊಟ್ಟ ಗಿರಾಕಿ ಆ ಮೊದಲಿನ ರೆಕಾರ್ಡನ್ನು ನಮ್ಮಲ್ಲಿ ಮರೆತುಹೋದವನು ತಿರುಗಿ ಬರಲೇ ಇಲ್ಲ. ಶನಿವಾರ ಸಂಜೆ ಬಾಗಿಲು ಅರ್ಧ ಎಳೆದು ಅಪ್ಪ ಅದನ್ನು ಹಾಕುತ್ತಿದ್ದರು. ಅಪ್ಪ ಕಾಜ ಹೊಲಿಯುತ್ತಾ, ನೀನು ಇಸ್ತ್ರಿ ಮಾಡುತ್ತಾ, ನಾನು ಗುಂಡಿ ಆರಿಸುತ್ತಾ. ಹಾಡಿನ ಒಂದು ಮಾತೂ ನಮಗೆ ತಿಳಿಯದು. ಮುದುಕ ಒಂದು ಸಾಲು ಹಾಡಿ ನಿಲ್ಲಿಸಿದರೆ ಗಿಟಾರು ಅದೇ ಸಂಕಟವನ್ನು ತನ್ನ ಬಾಯಲ್ಲಿ ಹೇಳುತ್ತಿತ್ತು. ನಡುವೆ ಯಾರೋ ಗಾಜಿನ ಲೋಟ ಬೀಳಿಸುತ್ತಿದ್ದರು, ಮುದುಕ ಹಾಡುತ್ತಲೇ ನಗುತ್ತಿದ್ದ. ಜನರ ನಡುವಿನಿಂದ ಪ್ರತಿ ಸಾಲಿಗೂ ಹೌದು ಹೌದು ಎನ್ನುವಂತೆ ಓಗೊಡುತ್ತಿದ್ದ ಹೆಂಗಸಿಗೆ ನೀನು ಹೌದಮ್ಮ ಎಂದು ಹೆಸರಿಟ್ಟೆ. ಅವಳ ಜೊತೆ ನೀನೂ ಇಸ್ತ್ರಿ ಮೇಜಿನಿಂದ ಹೌದಪ್ಪಾ ಎನ್ನುತ್ತಿದ್ದೆ. "ಅವನು ಅಳ್ತಿದಾನೆ, ನಿನಗೆ ಆಟ" ಎಂದು ಅಪ್ಪ ನಗು ತಡೆದುಕೊಂಡು ಗದರುತ್ತಿದ್ದರು. ಅಮ್ಮ ಹೋದ ಮೇಲೆ ನಮ್ಮ ಮನೆ ತುಂಬಿದಂತೆ ಅನ್ನಿಸುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಈಗ ಆ ಮಾತು. ರೆಕಾರ್ಡನ್ನು ಕಿಟಕಿಯ ಬಿಸಿಲಿನಲ್ಲಿ ಮರೆತವಳು ನಾನು. ಅದು ಒಣಗಿದ ಎಲೆಯಂತೆ ಸೊಟ್ಟಗಾಗಿತ್ತು. ಸೊಟ್ಟ ಕಾಲರನ್ನು ನೀನು ಹೇಗೆ ನೆಟ್ಟಗೆ ಮಾಡುತ್ತೀಯೆಂದು ನೋಡಿದ್ದೆನಲ್ಲ, ಹಾಗೆಯೇ ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಎರಡನೇ ಮಗ್ಗುಲು ಮೆತ್ತಗಾಗಿ ಬಟ್ಟೆಯ ನೇಯ್ಗೆ ಅದರ ಮೇಲೆ ಮೂಡಿತು. ಹತ್ತು ವರ್ಷದವಳು, ಹೆದರಿ ನಿಂತೆ. "ಇಸ್ತ್ರಿ ಮುಂದೆ ಇದ್ದೋಳು ನೀನೇ ತಾನೆ?" ಎಂದು ಅಪ್ಪ ಕೇಳಿದಾಗ ನೀನು ನನ್ನ ಮುಖ ನೋಡಿ ಹೌದು ಎಂದೆ. "ನನಗೆ ಅಂತ ಉಳಿದಿದ್ದು ಅದೊಂದೇ" ಎಂದರು ಅಪ್ಪ. "ಹಾಗಾದ್ರೆ ನಾವು?" ಎಂದೆ ನೀನು. ಅಪ್ಪ ರೆಕಾರ್ಡನ್ನು ಹೊದಿಕೆಯೊಳಗಿಟ್ಟು ಎದ್ದು ಹೋದರು. ಮರುದಿನ ನೀನು ಆ ಚೀಲದ ಕಾರ್ಖಾನೆಯ ಕೆಲಸಕ್ಕೆಂದು ಊರು ಬಿಟ್ಟೆ. ನಿನ್ನ ಯಂತ್ರದ ಮುಂದೆ ನಾನು ಕೂತೆ.

ಶನಿವಾರ ಹೊಸ ರೆಕಾರ್ಡು ಹಾಕಿದೆ. ಲೋಟ ಬಿತ್ತು. ಮುದುಕ ನಕ್ಕ. ಹೌದಮ್ಮ ಓಗೊಟ್ಟಳು. ಅಪ್ಪ ಇಸ್ತ್ರಿ ಮೇಜಿನ ಕಡೆ ತಿರುಗಿ, "ಇವಳು ಬಂದ್ಲು. ನಮ್ಮೋಳು ಎಲ್ಲಿ?" ಎಂದರು. ಮಗ್ಗುಲು ಬದಲಿಸಲು ಹೋದರೆ ನನ್ನ ಕೈ ಹಿಡಿದು, "ಬೇಡ, ಇರ್ಲಿ" ಎಂದರು.

ಅಕ್ಕ, ತಪ್ಪು ನನ್ನದು. ಬೈಯುವುದಕ್ಕಾದರೂ ಬಾ.

ನಿನ್ನ
ಬಾಲ

ಮತ್ತೆ: ಅಂಚೆಗೆ ಹಾಕುವ ಮುಂಚೆ ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಆ ಒದ್ದೆ ಬಟ್ಟೆ ಮೇಜಿನ ಕೆಳಗೆ ಸಿಕ್ಕಿತ್ತು. ನಾಲ್ಕು ಮಡಿಕೆ ಹಾಕಿತ್ತು. ನಿಮ್ಮಕ್ಕ ಎರಡರ ಮೇಲೆ ಹಾಕಲ್ಲ. ಅವಳಲ್ಲ ಅಂತ ಅವಳು ಹೋದ ದಿನವೇ ಗೊತ್ತಾಯ್ತು" ಎಂದರು. ಹಾಗಾದರೆ ನಿನ್ನನ್ನು ಯಾಕೆ ವಾಪಸು ಕರೆಯಲಿಲ್ಲ ಎಂದೆ. "ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀಬಹುದು ಕಣೆ. ಆಡಿದ ಮಾತನ್ನ ಹೇಗೆ ಬಿಚ್ಚೋದು?" ಎಂದು ಕತ್ತರಿ ಎತ್ತಿಕೊಂಡರು. ಹೊಸ ರೆಕಾರ್ಡನ್ನು ಇನ್ನೂ ತೆಗೆಯಲು ಬಿಟ್ಟಿಲ್ಲ. ಎರಡನೇ ಮಗ್ಗುಲು ಕೆಳಗೇ ಇದೆ, ಮುಳ್ಳು ತಾಕಿಲ್ಲ. ನಿನ್ನ ಇಸ್ತ್ರಿ ಮೇಜಿನ ಮೇಲಿದ್ದ ಬಟ್ಟೆಗಳನ್ನೆಲ್ಲ ಅವರೇ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ.